ಬಿಟ್ಟ ಪೆಟ್ಟು

25 ಆಗಸ್ಟ್ 2021, ಬುಧವಾರ

ರೋಲಿಂಗ್ ಸ್ಟೋನ್ಸ್ ತಂಡದ ಚಾರ್ಲಿ ವಾಟ್ಸ್ ಹೋದರು. ನಿನ್ನೆ, ಲಂಡನ್ನಿನಲ್ಲಿ. 80 ವರ್ಷ. ಬೆಳಗ್ಗೆ ಮಗಳ ಫೋನು: "ಅಪ್ಪಾ, ನಿಮ್ಮ ಡ್ರಮ್ಮರ್ ಹೋಗ್ಬಿಟ್ರಂತೆ." ಡ್ರಮ್ಸ್ ಮೇಲೆ ಹೊದಿಸಿದ್ದ ಹಳೇ ಸೀರೆ ತೆಗೆದೆ. ಒಂದೂವರೆ ವರ್ಷದ ಧೂಳು. ಬಾರಿಸಲಾಗಲಿಲ್ಲ. ಮತ್ತೆ ಹೊದಿಸಿದೆ.

ರಾತ್ರಿ 11

ನಿದ್ದೆಯಿಲ್ಲ. 4 ಏಪ್ರಿಲ್ 2003, ಅರಮನೆ ಮೈದಾನ. ಮಳೆ, ಕೆಸರು. ರೋಲಿಂಗ್ ಸ್ಟೋನ್ಸ್ ಬೆಂಗಳೂರಿಗೆ ಬಂದಿದ್ದ ರಾತ್ರಿ. ಹಾಡುವ ಜಾಗರ್, ಗಿಟಾರಿನ ಕೀತ್ ಇಬ್ಬರಿಗೂ 59, ಚಾರ್ಲಿಗೆ 61. ನನಗೆ 42. ಹೋಗಿದ್ದು ಅವರ ಮುಖ ನೋಡೋಣ ಅಂತ. ಈ ವಯಸ್ಸಿನಲ್ಲಿ ಇನ್ನೇನು ನುಡಿಸಿಯಾರು ಅಂದುಕೊಂಡಿದ್ದೆ.

ಆಮೇಲೆ ಪರದೆಯ ಮೇಲೆ ಚಾರ್ಲಿಯ ಬಲಗೈ ಕಂಡಿತು. ಎಡಗೈ ಸ್ನೇರ್ ಡ್ರಮ್ ಮೇಲೆ ಬೀಳುವಾಗ ಬಲಗೈ ಹೈಹ್ಯಾಟ್ ತಟ್ಟೆಗಳನ್ನು ಬಿಟ್ಟು ಮೇಲೇಳುತ್ತದೆ. ಪ್ರತಿ ಸಲವೂ ಆ ಒಂದು ಪೆಟ್ಟು ಬಿಡುತ್ತಾರೆ. ಸ್ನೇರ್ ಒಂಟಿಯಾಗಿ ನಿಲ್ಲುತ್ತದೆ. ಗಣೇಶನ ಪೆಂಡಾಲುಗಳಲ್ಲಿ ಇಪ್ಪತ್ತು ವರ್ಷ ಒಂದು ಪೆಟ್ಟೂ ಬಿಡದೆ ತುಂಬಿಕೊಂಡು ಬಂದವನು ನಾನು. ಅವತ್ತು ಮನೆಗೆ ಬಂದು ಯಾರ ಹತ್ತಿರವೂ ಮಾತಾಡಲಿಲ್ಲ.

28 ಆಗಸ್ಟ್, ಶನಿವಾರ

ಪ್ರಾಕ್ಟೀಸ್ ಶುರು. ಅನುಮತಿ ಸಿಕ್ಕರೆ ರಾಜ್ಯೋತ್ಸವಕ್ಕೆ ಒಂದು ಕಾರ್ಯಕ್ರಮ. ನಮ್ಮ ಬೇಸ್ ಗಿಟಾರಿನವನು ಮೇ ತಿಂಗಳಲ್ಲಿ ಕೊರೊನಾಗೆ ಹೋದ. ಆಸ್ಪತ್ರೆಯ ಹತ್ತಿರಕ್ಕೂ ಬಿಡಲಿಲ್ಲ. ಅವನ ಜಾಗದಲ್ಲಿ ಇಪ್ಪತ್ಮೂರರ ಹುಡುಗ. ಪಾಪ, ಚೆನ್ನಾಗಿಯೇ ನುಡಿಸುತ್ತಾನೆ. ಅವನ ಕಡೆ ನೋಡಲಾಗಲಿಲ್ಲ.

ಹಾಡುಗಳೆಲ್ಲ ಓಡುತ್ತಿವೆ. ಓಡಿಸುತ್ತಿರುವುದು ನಾನೇ.

2 ಸೆಪ್ಟೆಂಬರ್, ಗುರುವಾರ

ಸ್ಟೋನ್ಸ್‌ನ 1966ರ ಲೈವ್ ರೆಕಾರ್ಡ್ ಕೇಳಿದೆ. ಹುಡುಗಿಯರ ಕಿರುಚಾಟವೇ ಜಾಸ್ತಿ. ಅದರಲ್ಲಿ ಎರಡು ಹಾಡು ಲೈವ್ ಅಲ್ಲವೇ ಅಲ್ಲ. ಸ್ಟುಡಿಯೋದಲ್ಲಿ ಹಾಡಿ ಮೇಲೆ ಕಿರುಚಾಟ ಸೇರಿಸಿದ್ದು. ಆಗ ವೇದಿಕೆಯ ಮೇಲೆ ಮಾನಿಟರ್ ಇಲ್ಲ, ಆಂಪ್‌ಗಳು ಚಿಕ್ಕವು. ಅವರದ್ದು ಅವರಿಗೇ ಕೇಳುತ್ತಿರಲಿಲ್ಲ. ಹಾಗೆ ಹೇಗೆ ಬಾರಿಸಿದರು ಆ ಮನುಷ್ಯ?

ಎಡಗಿವಿಯಲ್ಲಿ ಮತ್ತೆ ಗುಂಯ್ ಅನ್ನುತ್ತಿದೆ. ಮನೆಯಲ್ಲಿ ಹೇಳಿಲ್ಲ.

5 ಸೆಪ್ಟೆಂಬರ್, ಭಾನುವಾರ

ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಸ್ಟೋನ್ಸ್ ಕೊಟ್ಟ ಎರಡು ಕಾರ್ಯಕ್ರಮಗಳ ವಿಡಿಯೊ ಒಂದರ ಹಿಂದೊಂದು ನೋಡಿದೆ. 5 ಜುಲೈ 1969: ತಂಡದ ಹಳೇ ಗಿಟಾರಿಸ್ಟ್ ಬ್ರಯನ್ ಜೋನ್ಸ್ ಸತ್ತು ಎರಡೇ ದಿನ. ಅವರ ಜಾಗಕ್ಕೆ ಬಂದ ಇಪ್ಪತ್ತರ ಮಿಕ್ ಟೇಲರ್‌ಗೆ ತಂಡದ ಜೊತೆ ಮೊದಲ ವೇದಿಕೆ. ಎರಡು ವರ್ಷದಿಂದ ಒಂದು ಪೂರ್ತಿ ಕಾರ್ಯಕ್ರಮ ಕೊಟ್ಟವರಲ್ಲ. ಗಿಟಾರುಗಳು ಶ್ರುತಿಗೆ ಕೂತಿಲ್ಲ, ಒಬ್ಬರದ್ದು ಒಬ್ಬರಿಗೆ ಸೇರುವುದಿಲ್ಲ. ಇನ್ನೊಂದು, 2013ರ ಜುಲೈ, ಅದೇ ಪಾರ್ಕು. ಚಾರ್ಲಿಗೆ 72. ಟೇಲರ್ ಅತಿಥಿಯಾಗಿ ಬಂದಿದ್ದಾರೆ. ಕೀತ್ ಈಗ ನುಡಿಸುವ ಸ್ವರಗಳೇ ಕಡಿಮೆ, ಎಷ್ಟೋ ಕಡೆ ಸುಮ್ಮನೆ ನಿಲ್ಲುತ್ತಾರೆ. ಆ ಸುಮ್ಮನಿರುವ ಜಾಗಕ್ಕೆ ಸರಿಯಾಗಿ ಸ್ನೇರ್ ಬಂದು ಕೂರುತ್ತದೆ. ಮೂರು ಸಲ ಹಿಂದಕ್ಕೆ ಹಾಕಿ ಕೇಳಿದೆ. ಕಣ್ಣು ತುಂಬಿತು.

ಹೆಂಡತಿ ಬಾಗಿಲಲ್ಲಿ ನಿಂತು, "ಸೌಂಡು ಯಾಕ್ರೀ ಇಷ್ಟೊಂದು?" ಅಂದಳು.

9 ಸೆಪ್ಟೆಂಬರ್, ಗುರುವಾರ

ನಾಳೆ ಹಬ್ಬ. ಈ ಸಲವೂ ಒಂದು ಪೆಂಡಾಲಿಲ್ಲ ನಮಗೆ.

ವಯಸ್ಸಾದ ಮೇಲೇ ಅವರು ಒಬ್ಬರದ್ದು ಒಬ್ಬರು ಕೇಳಿ ನುಡಿಸಲು ಕಲಿತರು ಅಂತ ಭಾನುವಾರ ಅಂದುಕೊಂಡಿದ್ದು ನಿಲ್ಲುತ್ತಿಲ್ಲ. 1969ರ ನವೆಂಬರಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ರೆಕಾರ್ಡ್ ಹಾಕಿದೆ. ಹೈಡ್ ಪಾರ್ಕ್ ಆಗಿ ನಾಲ್ಕೇ ತಿಂಗಳು. ಬೆಂಕಿ! ಅದೇ ಐದು ಜನ. ಹಾಗಾದರೆ ವಯಸ್ಸಿಗೂ ಇದಕ್ಕೂ ಏನು ಸಂಬಂಧ? ಆ ನವೆಂಬರ್ ಪೂರ್ತಿ ಅವರು ಊರಿಂದ ಊರಿಗೆ ನುಡಿಸುತ್ತಾ ಬಂದಿದ್ದರು, ಅಷ್ಟೇ ಕಾರಣವೇ? 1981ರಲ್ಲೂ ಊರೂರು ಸುತ್ತಿದರು. ಆ ಟೂರಿನ ರೆಕಾರ್ಡಿನಲ್ಲಿ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಓಡುತ್ತಾರೆ. 1995ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ಯಾರಡಿಸೊ ಎಂಬ ಚಿಕ್ಕ ಹಾಲ್‌ನಲ್ಲಿ ನುಡಿಸಿದ್ದು ಕೇಳಿದರೆ ಎಲ್ಲರೂ ಕೂತು ಮಾತಾಡುತ್ತಿದ್ದಾರೇನೋ ಅನ್ನಿಸುತ್ತದೆ. ಅಷ್ಟರಲ್ಲಿ ಬಿಲ್ ವೈಮನ್ ತಂಡ ಬಿಟ್ಟು ಡ್ಯಾರಿಲ್ ಜೋನ್ಸ್ ಬೇಸ್‌ಗೆ ಬಂದಾಗಿತ್ತು. ಮೈಲ್ಸ್ ಡೇವಿಸ್ ಜೊತೆ ನುಡಿಸಿದವನು.

ಹುಡುಗನಿಗೆ ನಾನು ಒಂದು ಒಳ್ಳೆಯ ಮಾತೂ ಹೇಳಿಲ್ಲ.

19 ಸೆಪ್ಟೆಂಬರ್, ಭಾನುವಾರ

ಚಕ್ ಲೆವೆಲ್, ಸ್ಟೋನ್ಸ್‌ನ ಕೀಬೋರ್ಡಿನವರು, ಪ್ರತಿ ಹಾಡಿನ ಶ್ರುತಿ, ಟೆಂಪೊ ಎಲ್ಲ ಬರೆದಿಟ್ಟ ನೋಟ್‌ಬುಕ್ ಇಟ್ಟುಕೊಳ್ಳುತ್ತಾರೆ. ನಾನೂ ಮಗಳ ಹಳೇ ನೋಟ್‌ಬುಕ್‌ನಲ್ಲಿ ನಮ್ಮ ಹದಿನಾರು ಹಾಡು ಬರೆದುಕೊಂಡು ಹೋದೆ. ಎಲ್ಲಕ್ಕೂ ಸ್ಪೀಡು ಸ್ವಲ್ಪ ಇಳಿಸಿ. "ಯಾಕಣ್ಣಾ, ಮೈ ಹುಷಾರಿಲ್ವಾ?" ಅಂದ ಕೀಬೋರ್ಡಿನವನು. ಮೂರನೇ ಹಾಡಿಗೆ ಅವನೂ ಸುಮ್ಮನಾದ. ಗಾಯಕಿಗೆ ಉಸಿರಿಗೆ ಜಾಗ ಸಿಕ್ಕಿತು. ಹುಡುಗ ನನ್ನ ಕಾಲು ನೋಡುತ್ತಾ ಕಿಕ್ ಜೊತೆ ಹೆಜ್ಜೆ ಹಾಕಿದ.

ಇಳಿಸಿದ್ದು ಹಾಡಿಗೋಸ್ಕರವಾ, ಮಣಿಕಟ್ಟಿನ ನೋವಿಗೋಸ್ಕರವಾ? ಗೊತ್ತಿಲ್ಲ.

27 ಸೆಪ್ಟೆಂಬರ್, ಸೋಮವಾರ

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಸ್ಟೋನ್ಸ್ ಕಾರ್ಯಕ್ರಮದ ವಿಡಿಯೊ ನೋಡಿದೆ. ಅಲ್ಲಿ ಭಾನುವಾರ ರಾತ್ರಿ. ಖಾಲಿ ವೇದಿಕೆ, ಡ್ರಮ್ ಸದ್ದು ಮಾತ್ರ, ಪರದೆಯ ಮೇಲೆ ಚಾರ್ಲಿ. ಆಮೇಲೆ ಚಾರ್ಲಿಯ ಜಾಗದಲ್ಲಿ ಸ್ಟೀವ್ ಜೋರ್ಡನ್ ಬಾರಿಸಿದರು. ಗಟ್ಟಿ ಕೈ. ಇವರು ಬೇಡ ಅನ್ನುವ ಹಾಗಿಲ್ಲ. ಆದರೂ ಮೊದಲ ಹಾಡು ಪೂರ್ತಿ ನಾನು ಆ ಬಿಟ್ಟ ಪೆಟ್ಟನ್ನೇ ಹುಡುಕುತ್ತಿದ್ದೆ.

2004ರಲ್ಲಿ ಗಂಟಲ ಕ್ಯಾನ್ಸರ್ ಬಂದು, ಮರುವರ್ಷವೇ ಟೂರ್ ಹೊರಟಿದ್ದರು ಚಾರ್ಲಿ. 2016ರಲ್ಲಿ ಹವಾನಾದಲ್ಲಿ ಬಾರಿಸಿದಾಗ ಅವರಿಗೆ 74.

2 ನವೆಂಬರ್, ಮಂಗಳವಾರ

ನಿನ್ನೆ ಕಾರ್ಯಕ್ರಮ ಆಯಿತು. ಮುನ್ನೂರು ಜನ ಇದ್ದರೇನೋ. ಎಡಗಿವಿ ಕೈಕೊಟ್ಟಿದ್ದರಿಂದ ಬಲಗಿವಿ ಬೇಸ್ ಆಂಪ್ ಕಡೆ ಬರುವ ಹಾಗೆ ಓರೆಯಾಗಿ ಕೂತೆ. ಎಂಟನೇ ಹಾಡಿನಲ್ಲಿ ಬಲಗೈ ತಾನಾಗಿ ಎದ್ದಿತು. ಒಂದು ಪೆಟ್ಟು ಬಿಟ್ಟೆ. ಇನ್ನೊಂದೂ ಬಿಟ್ಟೆ. ಹುಡುಗ ತಿರುಗಿ ನೋಡಿದ.

ಇಳಿಯುವಾಗ ಡ್ರಮ್ಸ್ ಅವನೇ ಹೊತ್ತ. "ಅಣ್ಣಾ, ಅಲ್ಲಿ ಬೇಕಂತಲೇ ಬಿಟ್ರಾ?" ಅಂತ ಕೇಳಿದ. ಹೂಂ ಅಂದೆ. ಅವನ ಬೆನ್ನ ಮೇಲೆ ಕೈ ಇಟ್ಟೆ.

ಕಿವಿ ಪರೀಕ್ಷೆಯ ಚೀಟಿ ಇನ್ನೂ ಅಂಗಿ ಜೇಬಿನಲ್ಲೇ ಇದೆ.