ಅಪ್ಪನ ಉಗಿ ಮಷೀನು

ದ್ರಾಕ್ಷಿ ಒಣದ್ರಾಕ್ಷಿಯಾಗಲು ಬಿಸಿಲಿಗಿಂತ ಹೆಚ್ಚಾಗಿ ಬೇಕಾದದ್ದು ಒಣಗಾಳಿ. ಮಿರಜ ತಾಲೂಕಿನ ಪೂರ್ವಭಾಗದಲ್ಲಿರುವ ನಮ್ಮೂರು ಖಂಡೇರಾಜುರಿಗೆ ಪ್ರಕೃತಿ ಆ ಗಾಳಿಯನ್ನು ಧಾರಾಳವಾಗಿ ಕೊಟ್ಟಿದೆ. ಬೇಸಿಗೆ ಕಾಲಿಡುತ್ತಿದ್ದಂತೆ ಈ ಭಾಗದ ಶೆಡ್ಡುಗಳಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹಸಿ ದ್ರಾಕ್ಷಿಯನ್ನು ಹರಡುತ್ತಾರೆ. ಎರಡು-ಮೂರು ವಾರ ಕಳೆಯುವಷ್ಟರಲ್ಲಿ ನೆರಳಿನಲ್ಲೇ ಅದರ ನೀರೆಲ್ಲ ಆರಿ, ಸುಕ್ಕುಗಟ್ಟಿ, ಸಾಂಗಲಿಯ ಪೇಟೆಗೆ ಹೊರಡಲು ಸಿದ್ಧವಾಗುತ್ತದೆ. ಊರಿಗೆ ಅನ್ನ ಕೊಡುವ ಇದೇ ಗಾಳಿ ನಮ್ಮ ಮನೆಯಲ್ಲಿ ಒಬ್ಬರ ಉಸಿರಿಗೆ ಎರವಾಯಿತು. ಅದಕ್ಕಿಂತ ಹೆಚ್ಚು ಎರವಾದದ್ದು ನನ್ನ ಜಾಣತನ.

ಅಪ್ಪ ಕನ್ನಡ ಶಾಲೆಯ ಮಾಸ್ತರರಾಗಿದ್ದವರು. ಗಂಟಲಿನ ಕ್ಯಾನ್ಸರ್ ಎಂದು ತಿಳಿದಾಗ ಮಿರಜಕ್ಕೆ ಕರೆದೊಯ್ದೆವು. ವೈದ್ಯ ವಾನ್ಲೆಸ್ ಅವರು 1894ರಲ್ಲಿ ಆಸ್ಪತ್ರೆ ತೆರೆದ ಕಾಲದಿಂದಲೂ ಸುತ್ತಲಿನ ಜಿಲ್ಲೆಗಳ ರೋಗಿಗಳಿಗೆಲ್ಲ ಮಿರಜವೇ ದಿಕ್ಕು. ಶಸ್ತ್ರಚಿಕಿತ್ಸೆಯಲ್ಲಿ ಧ್ವನಿಪೆಟ್ಟಿಗೆಯನ್ನು ತೆಗೆದರು. ಉಸಿರಾಡಲು ಕತ್ತಿನ ಬುಡದಲ್ಲಿ ಒಂದು ರಂಧ್ರ ಉಳಿಯಿತು. ಮೂವತ್ತು ವರ್ಷ ಮಕ್ಕಳ ಕೈಗೆ ಪಾಟಿ ಬಳಪ ಕೊಟ್ಟವರು ತಾವೇ ಪಾಟಿ ಹಿಡಿದು ಮಾತನಾಡಬೇಕಾಯಿತು.

ಮನೆಗೆ ಕಳಿಸುವಾಗ ವೈದ್ಯರು ಹೇಳಿದ ಒಂದು ಮಾತು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಮೂಗು ಬರಿಯ ದಾರಿಯಲ್ಲ. ಒಳಹೋಗುವ ಗಾಳಿಯನ್ನು ಸೋಸಿ, ಬೆಚ್ಚಗೆ ಮಾಡಿ, ತೇವಗೊಳಿಸಿ ಶ್ವಾಸಕೋಶಕ್ಕೆ ಕಳಿಸುವ ಕೆಲಸವೂ ಅದರದೇ. ಅಪ್ಪನ ಉಸಿರು ಇನ್ನು ಮೂಗಿನ ಮೂಲಕ ಹೋಗುವುದಿಲ್ಲ. ಒಣಗಾಳಿ ನೇರವಾಗಿ ಒಳಹೊಕ್ಕರೆ ಕಫ ಗಟ್ಟಿಯಾಗಿ, ಹಕ್ಕಳೆಗಟ್ಟಿ, ದಾರಿಯನ್ನೇ ಮುಚ್ಚಬಹುದು. ಆದ್ದರಿಂದ ಕೋಣೆಯ ಗಾಳಿಯಲ್ಲಿ ತೇವಾಂಶ ಶೇಕಡಾ 40ರಿಂದ 50ರಷ್ಟು ಇರಲಿ ಎಂದರು. ನಾನು ಒಂದು ಹ್ಯೂಮಿಡಿಫಯರನ್ನೂ ತೇವಾಂಶ ತೋರಿಸುವ ಅಂಗೈಯಗಲದ ಮಾಪಕವನ್ನೂ ಕೊಂಡು ತಂದೆ. ಮೊದಲ ದಿನ ಮಧ್ಯಾಹ್ನ ಮಾಪಕದಲ್ಲಿ 18 ಎಂದಿತ್ತು. ಯಂತ್ರ ಹಚ್ಚಿ ಬಾಗಿಲು ಮುಚ್ಚಿದ ಮೇಲೆ ಸಂಜೆಗೆ 43ಕ್ಕೆ ಏರಿತು. ಅವ್ವ ಅದಕ್ಕೆ ‘ಉಗಿ ಮಷೀನು’ ಎಂದು ಹೆಸರಿಟ್ಟಳು.

ನಿಜವಾಗಿ ಅದರಿಂದ ಬರುವುದು ಉಗಿಯಲ್ಲ, ತಣ್ಣನೆಯ ಮಂಜು. ತೊಟ್ಟಿಯ ತಳದಲ್ಲಿ ನಾಣ್ಯದಷ್ಟು ಅಗಲದ ಒಂದು ಬಿಲ್ಲೆ ಇರುತ್ತದೆ. ವಿದ್ಯುತ್ತು ಹರಿದಾಗ ಅದು ಸೆಕೆಂಡಿಗೆ ಸುಮಾರು 17 ಲಕ್ಷ ಸಲ ಕಂಪಿಸಿ ನೀರನ್ನು ಸೂಕ್ಷ್ಮ ಹನಿಗಳಾಗಿ ಒಡೆಯುತ್ತದೆ. ಸಣ್ಣದೊಂದು ಫ್ಯಾನು ಆ ಹನಿಗಳನ್ನು ಹೊರಗೆ ತಳ್ಳುತ್ತದೆ. ನೀರಿನಲ್ಲಿ ಏನಿದೆಯೋ ಅದೆಲ್ಲವೂ ಹನಿಗಳೊಂದಿಗೆ ಗಾಳಿಗೆ ಏರುತ್ತದೆ. ಇದು ನನಗೆ ತಿಳಿದದ್ದು ಒಂದು ವಾರದ ನಂತರ. ಕಪಾಟಿನ ಮೇಲೆ, ಅಪ್ಪನ ಕನ್ನಡಕದ ಮೇಲೆ, ಗೋಡೆಯ ಬಸವಣ್ಣನ ಪಟದ ಗಾಜಿನ ಮೇಲೆ ತೆಳ್ಳಗೆ ಬಿಳಿ ಹುಡಿ ಕೂತಿತ್ತು. ನಮ್ಮದು ಬೋರ್‌ವೆಲ್ಲಿನ ಗಡಸು ನೀರು. ಅದರ ಸುಣ್ಣದಂಥ ಲವಣವೇ ಈ ಹುಡಿ. ಅವ್ವ ನೀರು ಕುದಿಸಿ ಹಾಕಿ ನೋಡಿದಳು. ಕುದಿಸಿದರೆ ಕ್ರಿಮಿ ಸಾಯುತ್ತವೆ, ಲವಣ ಪೂರ್ತಿ ಹೋಗುವುದಿಲ್ಲ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನು ತಂದು ಹಾಕಿದ ಮೇಲೆ ಹುಡಿ ತೀರ ಕಡಿಮೆಯಾಯಿತು. ಬಿಲ್ಲೆಯ ಮೇಲೆ ಕಟ್ಟಿದ್ದ ಪದರವನ್ನು ನೀರು ಬೆರೆಸಿದ ವಿನಿಗರಿನಲ್ಲಿ ಅರ್ಧ ಗಂಟೆ ನೆನೆಸಿ, ಮೆತ್ತನೆಯ ಬ್ರಷ್ಷಿನಿಂದ ತಿಕ್ಕಿ ತೆಗೆದೆ. ಮಂಜು ಮೊದಲಿನಂತೆ ಎದ್ದು ಬಂತು. ಇದು ನನ್ನ ಮೊದಲ ಗೆಲುವು.

ಎರಡನೆಯದು ವಾಸನೆಯದು. ತೊಟ್ಟಿಯಲ್ಲಿ ನೀರು ಎರಡು ದಿನ ನಿಂತರೆ ಒಳಗೋಡೆ ಲೋಳೆಯಾಗಿ ಮಗ್ಗಲು ವಾಸನೆ ಬರುತ್ತಿತ್ತು. ಗಾಯ ತೊಳೆಯುವ ಔಷಧದ ಎರಡು ಮುಚ್ಚಳ ನೀರಿಗೆ ಸುರಿದರೆ ಆಯಿತೆಂದು ಅವ್ವ ಬಾಟಲಿ ಎತ್ತಿದ್ದಳು. ಅದೃಷ್ಟಕ್ಕೆ ನಾನು ದಕ್ಷಿಣ ಕೊರಿಯಾದ ದುರಂತದ ಬಗ್ಗೆ ಓದಿದ್ದೆ. ಅಲ್ಲಿ ಇಂಥ ಯಂತ್ರಗಳ ನೀರಿಗೆ ಬೆರೆಸಲೆಂದೇ ಕ್ರಿಮಿನಾಶಕಗಳನ್ನು ವರ್ಷಾನುಗಟ್ಟಲೆ ಮಾರಿದರು. ಮೈಗೆ ತಾಗಿದರೆ ಅಷ್ಟೇನೂ ಕೇಡಿಲ್ಲವೆಂದುಕೊಂಡ ರಾಸಾಯನಿಕ ಮಂಜಾಗಿ ಶ್ವಾಸಕೋಶ ಸೇರಿದಾಗ ಪ್ರಾಣವನ್ನೇ ತೆಗೆಯಿತು. ಸತ್ತವರಲ್ಲಿ ಬಾಣಂತಿಯರೂ ಎಳೆಯ ಮಕ್ಕಳೂ ಇದ್ದರು. 2011ರಲ್ಲಿ ಕಾರಣ ಬಯಲಾಗಿ ಆ ಸರಕನ್ನು ಹಿಂದಕ್ಕೆ ಪಡೆದರು. ಅವ್ವನ ಕೈಯಿಂದ ಬಾಟಲಿ ಇಸಿದುಕೊಂಡೆ. ದಿನವೂ ನೀರು ಚೆಲ್ಲಿ, ತೊಟ್ಟಿ ತೊಳೆದು, ಒಣಗಿಸಿ, ಹೊಸ ನೀರು ತುಂಬುವುದೆಂದು ನಿಯಮ ಮಾಡಿದೆವು. ವಾಸನೆ ಹೋಯಿತು.

ಈ ಎರಡು ಗೆಲುವುಗಳೇ ನನ್ನನ್ನು ಕೆಡಿಸಿದವು. ಯಂತ್ರದ ಮರ್ಮವೆಲ್ಲ ನನಗೆ ತಿಳಿದಿದೆ ಎಂಬ ಭಾವ ಬಂತು. ಮಾರ್ಚ್ ಕೊನೆಯಲ್ಲಿ ಮಂಜು ಮತ್ತೆ ಕ್ಷೀಣಿಸಿತು. ವಿನಿಗರಿನಿಂದ ತೊಳೆದೆ; ಒಂದು ದಿನ ಸರಿಯಿದ್ದು ಮರುದಿನ ಮತ್ತೆ ಸೊರಗಿತು. ಪುನಃ ತೊಳೆದೆ, ಈ ಸಲ ಅಷ್ಟೂ ಚೇತರಿಸಲಿಲ್ಲ. ಫ್ಯಾನು ತಿರುಗುತ್ತಿತ್ತು, ದೀಪ ಹತ್ತುತ್ತಿತ್ತು, ಮಂಜು ಮಾತ್ರ ಬೀಡಿಯ ಹೊಗೆಯಷ್ಟು. ನಾಲ್ಕನೆಯ ದಿನ ಯಂತ್ರದ ಬುಡದಲ್ಲಿ ನೀರು ಒಸರಿದ್ದನ್ನು ಕಂಡು ಅಡಿಗೆ ಒಂದು ತಾಟು ಇಟ್ಟೆ. ಆರನೆಯ ದಿನ ಪ್ಲಗ್ಗು ಕೈಗೆ ಬಿಸಿ ತಾಗಿತು. ತೆಗೆದು ಬೇರೆ ಸಾಕೆಟ್ಟಿಗೆ ಹಚ್ಚಿದೆ. ಯಂತ್ರ ತನ್ನ ರೋಗವನ್ನು ದಿನಕ್ಕೊಂದು ರೀತಿಯಲ್ಲಿ ಹೇಳುತ್ತಲೇ ಇತ್ತು. ನಾನು ಪ್ರತಿಯೊಂದಕ್ಕೂ ಒಂದೊಂದು ಸಮಾಧಾನ ಹುಡುಕುತ್ತಿದ್ದೆ. ಮಾಪಕ 25ಕ್ಕೆ ಇಳಿದದ್ದನ್ನು ಅಪ್ಪ ಬೆರಳಿನಿಂದ ತೋರಿಸಿ ಪಾಟಿಯ ಮೇಲೆ ಬರೆದರು: “ಬಲ್ಲವರಿಗೆ ತೋರಿಸು.” “ನಾಳೆ ನೋಡ್ತೀನಿ ಅಪ್ಪಾ” ಎಂದೆ.

ಎಂಟನೆಯ ರಾತ್ರಿ ಸುಟ್ಟ ವಾಸನೆ ಬಂದು ಮನೆಯ ಕರೆಂಟೇ ಹೋಯಿತು. ಬೋರ್ಡಿನ ಎಂಸಿಬಿ ಬಿದ್ದಿತ್ತು. ಮೊಬೈಲಿನ ಬೆಳಕಿನಲ್ಲಿ ಸ್ಕ್ರೂಡ್ರೈವರ್ ಹಿಡಿದು ಯಂತ್ರದ ಬುಡ ಬಿಚ್ಚಲು ಕೂತೆ. ಅಪ್ಪ ಹಾಸಿಗೆಯಿಂದಲೇ ಪಾಟಿಯನ್ನು ಬಳಪದಿಂದ ಟಕಟಕನೆ ಬಡಿದರು. ತರಗತಿಯಲ್ಲಿ ಗದ್ದಲವೆದ್ದಾಗ ಮೇಜು ಬಡಿಯುತ್ತಿದ್ದ ರೀತಿಯಲ್ಲೇ. ಪಾಟಿಯಲ್ಲಿ ಎರಡೇ ಪದ: “ಪ್ಲಗ್ ತೆಗೆ.” ಅದು ಇನ್ನೂ ಸಾಕೆಟ್ಟಿನಲ್ಲೇ ಇತ್ತು. ಒದ್ದೆಯಾದ ಬುಡ ನನ್ನ ತೊಡೆಯ ಮೇಲಿತ್ತು. ನನ್ನ ಕೈ ನಡುಗಿತು.

ಅವ್ವ ಕೋಣೆಯ ತುಂಬ ಒದ್ದೆ ಪಂಚೆಗಳನ್ನು ಹರವಿದಳು. ಆದರೆ ಎಂಟು ದಿನ ಒಣಗಾಳಿ ಮಾಡಿದ ಕೆಲಸವನ್ನು ಒಂದು ರಾತ್ರಿಯ ಪಂಚೆಗಳು ಸರಿಪಡಿಸಲಾರವು. ಬೆಳಗಿನ ಜಾವ ಅಪ್ಪನ ಉಸಿರಿನಲ್ಲಿ ಸೀಟಿ ಹೊಡೆದಂಥ ಸದ್ದು ಕೇಳಿಸಿತು. ಕೆಮ್ಮಿದರೂ ಏನೂ ಹೊರಬರಲಿಲ್ಲ. ನೆರೆಯವರ ಜೀಪಿನಲ್ಲಿ ಮಿರಜಕ್ಕೆ ಧಾವಿಸಿದೆವು. ಕಫದ ಹಕ್ಕಳೆ ಒಳಗೆ ಅಂಟಿ ದಾರಿಯನ್ನು ಅರ್ಧಕ್ಕೂ ಹೆಚ್ಚು ಮುಚ್ಚಿತ್ತು. ಅದನ್ನು ತೇವಗೊಳಿಸಿ ಹೊರತೆಗೆದ ಮೇಲೆ ಅಪ್ಪ ಎಳೆದ ಮೊದಲ ತುಂಬು ಉಸಿರಿನ ಸದ್ದು ನನಗೆ ಈಗಲೂ ಕೇಳಿಸುತ್ತದೆ.

ಮರುದಿನ ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಮಿರಜದ ಒಂದು ದುರಸ್ತಿ ಅಂಗಡಿಗೆ ಹೋದೆ. ಅಂಗಡಿಯ ಹಿರಿಯರನ್ನು ಎಲ್ಲರೂ ಮಾಮಾ ಎನ್ನುತ್ತಾರೆ. ಅವರು ಬುಡ ಬಿಚ್ಚಿ ನನ್ನ ಮುಂದೆ ಹಿಡಿದರು. ಬಿಲ್ಲೆಯ ಸುತ್ತಲಿನ ರಬ್ಬರು ಬಿರಿದು ನೀರು ಸರ್ಕಿಟ್ಟಿನ ಮೇಲೆ ಇಳಿದಿತ್ತು. ಒಂದು ಮೂಲೆ ಕಪ್ಪಗೆ ಸುಟ್ಟಿತ್ತು.

“ಎಷ್ಟ ದಿನಾತು ನೀರು ಸೋರಾಕ ಹತ್ತಿ?”

“ನಾಕೈದು ದಿನ ಆತು ಮಾಮಾ.”

“ಸರ, ಇದರಾಗ ಎರಡ ಬಾಜೂ ಅದಾವು. ನೀರಿನ ಬಾಜೂ ನಿಮ್ಮದು, ಕರೆಂಟಿನ ಬಾಜೂ ನಮ್ಮದು. ನೀರು ತನ್ನ ಬಾಜೂ ಬಿಟ್ಟು ಕರೆಂಟಿನ ಬಾಜೂಕ ಬಂತಂದ್ರ ನೀವು ಕೈ ಹಚ್ಚಬಾರದು. ಪ್ಲಗ್ ತಗದು ನೆಟ್ಟಗ ಇಲ್ಲಿಗೆ ತರಬೇಕು.”

ಇಷ್ಟು ದಿನ ನನಗೆ ಬೇಕಾಗಿದ್ದ ಗೆರೆಯನ್ನು ಅವರು ಒಂದೇ ಮಾತಿನಲ್ಲಿ ಎಳೆದಿದ್ದರು. ಬಿಳಿ ಹುಡಿ, ಲೋಳೆ, ವಾಸನೆ, ಬಿಲ್ಲೆಯ ಮೇಲಿನ ಪದರ ನೀರಿನ ಬಾಜು. ಅವು ಮನೆಯವರ ಕೆಲಸ. ತೊಳೆದ ಮೇಲೂ ಮಂಜು ಬಾರದಿದ್ದರೆ, ಬುಡ ಒಸರಿದರೆ, ಪ್ಲಗ್ಗು ಬಿಸಿಯಾದರೆ, ತಂತಿಯನ್ನು ಒಂದು ಕಡೆಗೆ ಬಾಗಿಸಿದಾಗ ಮಾತ್ರ ನಡೆದರೆ, ಮುಟ್ಟಿದಾಗ ಕೈ ಜುಮ್ಮೆಂದರೆ, ಎಂಸಿಬಿ ಬಿದ್ದರೆ ಅದು ಇನ್ನೊಂದು ಬಾಜು. ನನ್ನ ತಪ್ಪು ಅಜ್ಞಾನದ್ದಾಗಿರಲಿಲ್ಲ. ತೊಳೆಯುವುದನ್ನು ಬಲ್ಲವನು ಬಿಚ್ಚುವುದನ್ನೂ ಬಲ್ಲೆನೆಂದುಕೊಂಡದ್ದೇ ತಪ್ಪು. ಮಾಮಾ ಬಿಲ್ಲೆಯನ್ನೂ ರಬ್ಬರನ್ನೂ ಬದಲಿಸಿ, ಸರ್ಕಿಟ್ಟನ್ನು ಸರಿಪಡಿಸಿ, ಹೊರಡುವಾಗ ಇನ್ನೊಂದು ಮಾತು ಸೇರಿಸಿದರು: “ರೋಗಿ ಇರೋ ಮನ್ಯಾಗ ಇಂಥವು ಎರಡ ಇರಬೇಕರಿ. ಒಂದು ನಮ್ಮ ಹಂತ್ಯಾಕ ಬಂದಾಗ ಇನ್ನೊಂದು ಅಲ್ಲಿ ನಡೀತಿರಬೇಕು.” ಅಂದೇ ಎರಡನೆಯದನ್ನು ಕೊಂಡೆ.

ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ತಂಬೂರಿ ಮಾಡುವವರ ಓಣಿಯ ಕಡೆಗೆ ನಡೆದೆ. ಮಿರಜದ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಒಂದು ಅಂಗಡಿಯಲ್ಲಿ ಕುಶಲಕರ್ಮಿಯೊಬ್ಬರು ತಂಬೂರಿಯ ಕುದುರೆಯನ್ನು ಕೂದಲೆಳೆಯಷ್ಟು ಉಜ್ಜುವುದು, ತಂತಿ ಮೀಟುವುದು, ಕಿವಿಗೊಡುವುದು, ಮತ್ತೆ ಉಜ್ಜುವುದು ಹೀಗೆ ಜವಾರಿ ತೆಗೆಯುತ್ತಿದ್ದರು. ಹಾಡುಗಾರರು ತಂತಿಯನ್ನು ಎಷ್ಟು ಸಲವಾದರೂ ತಾವೇ ಶ್ರುತಿ ಮಾಡಿಕೊಳ್ಳುತ್ತಾರೆ, ತಂತಿ ಹರಿದರೆ ತಾವೇ ಕಟ್ಟುತ್ತಾರೆ. ಶ್ರುತಿ ಕೂಡಿದರೂ ನಾದ ಮಂಕಾಯಿತೆಂದರೆ ವಾದ್ಯವನ್ನು ಈ ಓಣಿಗೆ ತರುತ್ತಾರೆ. ನಾದದ ಬಗ್ಗೆ ಅಷ್ಟು ಬಲ್ಲವರೂ ಕುದುರೆಗೆ ತಾವಾಗಿ ಕೈ ಹಚ್ಚುವುದು ವಿರಳ. ಅದರಿಂದ ಅವರ ಮಾನವೇನೂ ಕಡಿಮೆಯಾಗಿಲ್ಲ.

ಈಗ ಅಪ್ಪನ ಕೋಣೆಯಲ್ಲಿ ಎರಡು ಯಂತ್ರಗಳು ವಾರಕ್ಕೊಂದರಂತೆ ಸರದಿಯಲ್ಲಿ ನಡೆಯುತ್ತವೆ. ನೀರು ಚೆಲ್ಲಿ ತೊಳೆಯುವ ಕೆಲಸ ನನ್ನದು. ಬುಡವನ್ನು ಅಂಗೈಯಿಂದ ಸವರಿ ಒಣಗಿದೆಯೇ ಎಂದು ನೋಡುವ ಕೆಲಸ ಅವ್ವನದು. ಮಾಪಕದ ಲೆಕ್ಕ ಅಪ್ಪನದು. ಶಾಲೆಯ ಕರಿಹಲಗೆಯ ಮೂಲೆಯಲ್ಲಿ ದಿನವೂ ಮಕ್ಕಳ ಹಾಜರಿ ಬರೆಯುತ್ತಿದ್ದವರು ಈಗ ಬೆಳಿಗ್ಗೆ ಎದ್ದ ಕೂಡಲೇ ಪಾಟಿಯ ಮೂಲೆಯಲ್ಲಿ ತೇವಾಂಶದ ಅಂಕಿ ಬರೆದಿಡುತ್ತಾರೆ. ನಾನು ಕಾಲೇಜಿಗೆ ಹೊರಡುವ ಮುನ್ನ ಅದನ್ನು ನೋಡಿಕೊಂಡು ಹೋಗುತ್ತೇನೆ. ಇಂದು ಬೆಳಿಗ್ಗೆ 44 ಇತ್ತು.