ಹೆಪ್ಪು ಕೇಳಲು ಹೋದದ್ದು

ಮೊನ್ನೆ ನಮ್ಮ ಬೀದಿಯ ಕೊನೆಯ ಮನೆಯ ಹುಡುಗಿ ಹೇಳಿಹೋಗಲು ಬಂದಿದ್ದಳು. ಓದಲೆಂದು ಇಂಗ್ಲೆಂಡಿಗೆ ಹೊರಟಿದ್ದಾಳೆ. ಅವಳ ಅಮ್ಮ ಚಳಿಯ ಕೋಟು, ಸೂಟ್‌ಕೇಸಿನ ತೂಕ, ಚಟ್ನಿಪುಡಿ ಎಷ್ಟು ದಿನ ಕೆಡದೆ ಇರುತ್ತದೆ ಎಂಬುದನ್ನೆಲ್ಲ ನನ್ನ ಹತ್ತಿರ ವಿಚಾರಿಸಿಕೊಂಡರು. ಹುಡುಗಿ ಮಾತ್ರ ಸುಮ್ಮನೆ ಕೂತಿದ್ದಳು. ಅಮ್ಮ ಕಾಫಿ ಲೋಟ ಇಡಲೆಂದು ಅಡುಗೆಮನೆಗೆ ಹೋದದ್ದೇ ತಡ, ತಗ್ಗಿದ ದನಿಯಲ್ಲಿ ಕೇಳಿದಳು: "ಆಂಟಿ, ಮೊದಲನೇ ವಾರ ನೀವು ಅಲ್ಲಿ ಯಾರ ಜೊತೆ ಮಾತಾಡಿದಿರಿ?"

ಅಷ್ಟು ವರ್ಷಗಳಲ್ಲಿ ನನ್ನನ್ನು ಯಾರೂ ಕೇಳದಿದ್ದ ಪ್ರಶ್ನೆ ಅದು. ಊಟಕ್ಕೆ ಏನು ಮಾಡಿದಿರಿ, ಚಳಿ ಹೇಗೆ ತಡೆದಿರಿ ಎಂದು ಎಲ್ಲರೂ ಕೇಳಿದ್ದಾರೆ. ಯಾರ ಜೊತೆ ಮಾತಾಡಿದಿರಿ ಎಂದು ಕೇಳಿದವರಿಲ್ಲ.

ಅದು 1997ರ ಸೆಪ್ಟೆಂಬರ್ ಕೊನೆ. ನನಗಾಗ ಇಪ್ಪತ್ತೊಂಬತ್ತು ವರ್ಷ. ಸಾಗರದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿದ್ದೆ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು, ಮನೆಯಲ್ಲಿದ್ದದ್ದು ಅಮ್ಮ ಮತ್ತು ನಾನು. ವಿದ್ಯಾರ್ಥಿವೇತನ ಸಿಕ್ಕಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯಕ್ಕೆ ಒಂದು ವರ್ಷದ ಎಂ.ಎ. ಓದಲು ಹೊರಟಾಗ ನೆಂಟರಲ್ಲಿ ಅರ್ಧ ಜನ "ಮದುವೆಯ ಯೋಚನೆ ಬಿಟ್ಟು ಇದೇನು" ಎಂದರು. ಉಳಿದರ್ಧ ಜನ "ತಾಯಿಯನ್ನು ಒಬ್ಬಳನ್ನೇ ಬಿಟ್ಟು ಇದೇನು" ಎಂದರು. ಅಮ್ಮ ಮಾತ್ರ "ಹೋಗಿ ಬಾರೇ. ಒಂದು ವರ್ಷ ಅಂದ್ರೆ ಎರಡು ಭರಣಿ ಉಪ್ಪಿನಕಾಯಿ ಮುಗಿಯೋಷ್ಟು ಹೊತ್ತು" ಎಂದು ಸ್ಟೀಲ್ ಡಬ್ಬಿಗೆ ಚಟ್ನಿಪುಡಿ ತುಂಬಿ, ಮುಚ್ಚಳಕ್ಕೆ ಬಟ್ಟೆ ಕಟ್ಟಿಕೊಟ್ಟಳು.

ಆ ಡಬ್ಬಿ ತನ್ನ ತವರಿಗೇ ಹೋಗುತ್ತಿದೆ ಎಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಶೆಫೀಲ್ಡ್ ಉಕ್ಕಿನ ಊರು, ಚೂರಿ ಚಮಚಗಳ ಊರು. ತುಕ್ಕು ಹಿಡಿಯದ ಉಕ್ಕನ್ನು 1913ರಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತ ತಯಾರಿಸಿದ್ದು ಇಲ್ಲೇ ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಊರೆಲ್ಲ ಗುಡ್ಡ. ಎಲ್ಲಿಗೆ ಹೊರಟರೂ ಒಂದು ಏರು, ಒಂದು ಇಳಿಜಾರು. ಮಲೆನಾಡಿನವಳಾದ ನನ್ನ ಕಾಲಿಗೆ ಅದೇನೂ ಹೊಸದಲ್ಲ. ಕಷ್ಟವಾದದ್ದು ಬಾಯಿಗೆ.

ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಪಾಠ ಶುರುವಾಗುವ ಮುಂಚೆ ಒಂದು ವಾರ ಹೊಸಬರಿಗೆಂದೇ ಮೀಸಲು. ಬೆಳಗ್ಗೆ ಹೆಸರು ನೋಂದಣಿಯ ಸಾಲು, ಮಧ್ಯಾಹ್ನ ಗ್ರಂಥಾಲಯ ತೋರಿಸುವುದು, ಸಂಜೆ ಪಾರ್ಟಿ. ಎಲ್ಲರೂ ಎಲ್ಲರೊಡನೆ ಸ್ನೇಹ ಮಾಡಿಕೊಳ್ಳಲಿ ಎಂಬುದು ಉದ್ದೇಶ. ಸೋಮವಾರ, ಮಂಗಳವಾರ ಎರಡು ದಿನಕ್ಕೆ ನಾನು ನಲವತ್ತು ಜನರ ಕೈಯಾದರೂ ಕುಲುಕಿರಬೇಕು. ಎಲ್ಲರೂ ಕೇಳಿದ್ದು ಅದೇ ಮೂರು ಪ್ರಶ್ನೆ: ಯಾವ ದೇಶ, ಏನು ಓದುತ್ತೀರಿ, ಎಲ್ಲಿ ಇಳಿದುಕೊಂಡಿದ್ದೀರಿ. ಉತ್ತರ ಹೇಳಿದ ಮೇಲೆ ನಾನೂ ಆ ಮೂರನ್ನೇ ತಿರುಗಿ ಕೇಳುತ್ತಿದ್ದೆ. ನಗುತ್ತಿದ್ದೆವು. ಅಲ್ಲಿಗೆ ಮುಗಿಯಿತು. ಮರುದಿನ ಅದೇ ಮುಖ ಎದುರಾದರೆ ಅವರಿಗೂ ನನ್ನ ನೆನಪಿಲ್ಲ, ನನಗೂ ಅವರ ಹೆಸರು ನೆನಪಿಲ್ಲ.

ಊಟದ ಕೌಂಟರಿನಲ್ಲಿದ್ದ ಹಿರಿಯ ಹೆಂಗಸು ನನ್ನನ್ನು ನೋಡಿದವಳೇ "ಆಲ್‌ರೈಟ್, ಲವ್?" ಎಂದಳು. 'ಲವ್' ಎಂದದ್ದಕ್ಕೆ ಮೊದಲು ಬೆಚ್ಚಿದೆ. ಆ ಸೀಮೆಯಲ್ಲಿ ಬಸ್ಸಿನವನೂ, ಅಂಗಡಿಯವಳೂ ಎಲ್ಲರನ್ನೂ ಹಾಗೇ ಕರೆಯುತ್ತಾರೆ, ಅದು ನಮ್ಮ 'ಮಾರಾಯ್ತಿ' ಇದ್ದಂತೆ ಎಂದು ತಿಳಿದದ್ದು ಆಮೇಲೆ. ಆದರೆ ನಾಲ್ಕು ದಿನದಲ್ಲಿ ನನ್ನನ್ನು ಚೆನ್ನಾಗಿದ್ದೀಯಾ ಎಂದು ಕೇಳಿದವಳು ಅವಳೊಬ್ಬಳೇ ಅಲ್ಲವೆ? ನಾನು ನಿಂತು ಹೇಳಿದೆ. ರಾತ್ರಿ ನಿದ್ದೆ ಬರುವುದಿಲ್ಲ, ಕಾಲು ತಣ್ಣಗಾಗುತ್ತದೆ, ಅಮ್ಮ ಒಬ್ಬಳೇ ಇದ್ದಾಳೆ ಎಂದೆ. ಅವಳ ಕೈಯಲ್ಲಿ ಸೌಟು ಹಾಗೇ ನಿಂತಿತು. ನನ್ನ ಹಿಂದೆ ಆರು ಜನ ತಟ್ಟೆ ಹಿಡಿದು ಕಾಯುತ್ತಿದ್ದರು. ನಮ್ಮೂರಲ್ಲಿ ದಾರಿಯಲ್ಲಿ ಸಿಕ್ಕವರು "ಊಟ ಆಯ್ತಾ?" ಎಂದರೆ ಹುಳಿ ಏನು, ಪಲ್ಯ ಏನು ಎಂದು ಯಾರಾದರೂ ಒಪ್ಪಿಸುತ್ತಾರೆಯೆ? ಅದೂ ಹಾಗೇ ಎಂದು ಹೊಳೆದಾಗ ಕಿವಿ ಬಿಸಿಯಾಯಿತು.

ಬುಧವಾರ ವಿದ್ಯಾರ್ಥಿ ಸಂಘಗಳ ಮೇಳ. ನಮ್ಮ ಮಾರಿಜಾತ್ರೆಯ ಅಂಗಡಿ ಸಾಲಿನ ಹಾಗೆ ಮೇಜುಗಳು. ಗುಹೆ ಹೊಕ್ಕುವವರ ಸಂಘ, ಚದುರಂಗದ ಸಂಘ, ನಾಟಕದ ಸಂಘ. ಭಾರತೀಯರ ಮೇಜು ಕಂಡಾಗ ನನಗೆ ತವರಿನ ದೀಪ ಕಂಡಂತಾಯಿತು. ಹತ್ತಿರ ಹೋದರೆ ಎಲ್ಲ ಅಲ್ಲೇ ಹುಟ್ಟಿ ಬೆಳೆದ ಗುಜರಾತಿ, ಪಂಜಾಬಿ ಮನೆಗಳ ಮಕ್ಕಳು. ನನಗಿಂತ ಹತ್ತು ವರ್ಷ ಚಿಕ್ಕವರು. ಪ್ರೀತಿಯಿಂದಲೇ "ಭಾಂಗ್ರಾ ಬರುತ್ತದೆಯೆ?" ಎಂದು ಕೇಳಿದರು. ಕರ್ನಾಟಕ ಎಲ್ಲಿದೆ ಎಂದು ನಾನು ಗಾಳಿಯಲ್ಲಿ ಭೂಪಟ ಬರೆದು ತೋರಿಸಬೇಕಾಯಿತು. ಅವರದು ತಪ್ಪಲ್ಲ. ಅವರ ಊರು ಅದೇ. ಹೊರಗಿನವಳು ನಾನು.

ಗುರುವಾರ ಸಂಜೆ ತರಗತಿಯವರೆಲ್ಲ ಪಬ್ಬಿಗೆ ಹೊರಟರು. ನಾನೂ ಹೋದೆ. ಕಿತ್ತಳೆ ರಸ ಎಂದೆ, ಒಬ್ಬ ತಂದುಕೊಟ್ಟ. ಮುಗಿಯುತ್ತಲೇ ಇನ್ನೊಬ್ಬಳು ತಂದಳು, ಮತ್ತೆ ಮತ್ತೊಬ್ಬ. ಆಹಾ, ಎಂಥ ಉದಾರಿಗಳು ಎಂದುಕೊಂಡು ಮೂರು ಲೋಟ ಕುಡಿದು, ಕೃತಜ್ಞತೆ ಹೇಳಿ ಎದ್ದು ಬಂದೆ. ಅಲ್ಲಿನ ಪದ್ಧತಿ ಏನೆಂದರೆ ಗುಂಪಿನಲ್ಲಿ ಒಬ್ಬೊಬ್ಬರೂ ಸರದಿಯ ಮೇಲೆ ಎಲ್ಲರಿಗೂ ಕೊಳ್ಳಬೇಕು. ನಮ್ಮ ಮುಯ್ಯಿ ಇದ್ದ ಹಾಗೆ. ಗದ್ದೆಗೆ ಮುಯ್ಯಾಳಾಗಿ ಬಂದವರ ಮನೆಯ ನಾಟಿಗೆ ನಾವು ಹೋಗದಿದ್ದರೆ ಹೇಗೋ, ನಾನು ಮಾಡಿದ್ದು ಹಾಗೆ. ಮರುದಿನ ಸಹಪಾಠಿಯೊಬ್ಬಳು ಮೆಲ್ಲಗೆ ತಿಳಿಸಿದಾಗ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಆಗ ಒಂದು ಪೌಂಡಿಗೆ ಸುಮಾರು 58 ರೂಪಾಯಿ. ಗೊತ್ತಿದ್ದರೂ ಕೊಳ್ಳುವಾಗ ಕೈ ನಡುಗುತ್ತಿತ್ತೇನೋ, ಅದು ಬೇರೆ ಮಾತು.

ಶುಕ್ರವಾರ ಮಾತ್ರ ನನ್ನ ಧೈರ್ಯ ಪೂರ್ತಿ ಕುಸಿಯಿತು. ಅಲ್ಲಿ ಆರ್ಟ್ಸ್ ಟವರ್ ಎಂಬ ಇಪ್ಪತ್ತು ಮಹಡಿಯ ಕಟ್ಟಡವಿದೆ. ಪಕ್ಕದಲ್ಲೇ ದೊಡ್ಡ ಗ್ರಂಥಾಲಯ. 1959ರಲ್ಲಿ ಅದನ್ನು ಉದ್ಘಾಟಿಸಿದವರು ಕವಿ ಟಿ.ಎಸ್. ಎಲಿಯಟ್. ಗ್ರಂಥಾಲಯದಲ್ಲಿದ್ದಾಗ ನನಗೆ ಭಯವಿರಲಿಲ್ಲ, ಪುಸ್ತಕದ ಕಪಾಟುಗಳು ಎಲ್ಲ ದೇಶದಲ್ಲೂ ಒಂದೇ ವಾಸನೆ. ಭಯವಾದದ್ದು ಟವರಿನ ಲಿಫ್ಟಿಗೆ. ಅದಕ್ಕೆ 'ಪ್ಯಾಟರ್‌ನಾಸ್ಟರ್' ಎನ್ನುತ್ತಾರೆ. ಕ್ರೈಸ್ತರ ಜಪಮಾಲೆಯಿಂದ ಬಂದ ಹೆಸರು. ಮಣಿ ಪೋಣಿಸಿದ ಹಾಗೆ 38 ಗೂಡುಗಳನ್ನು ಸರಪಣಿಗೆ ಕಟ್ಟಿದ್ದಾರೆ. ಒಂದು ಕಡೆ ಮೇಲೇರುತ್ತ, ಇನ್ನೊಂದು ಕಡೆ ಕೆಳಗಿಳಿಯುತ್ತ ಅವು ತಿರುಗುತ್ತಲೇ ಇರುತ್ತವೆ. ಬಾಗಿಲಿಲ್ಲ, ನಿಲ್ಲುವುದೂ ಇಲ್ಲ. ಗೂಡು ನಿಮ್ಮ ಮುಂದೆ ಬಂದಾಗ ಕಾಲಿಡಬೇಕು, ನಿಮ್ಮ ಮಹಡಿ ಬಂದಾಗ ಹೊರಗೆ ಕಾಲಿಡಬೇಕು. ಒಂದಕ್ಕೆ ಇಬ್ಬರು.

ನಾನು ಸೀರೆ ಉಟ್ಟಿದ್ದೆ. ಒಂದು ಗೂಡು ಬಂತು, ಹೋಯಿತು. ಇನ್ನೊಂದು ಬಂತು, ಹೋಯಿತು. ಹುಡುಗ ಹುಡುಗಿಯರು ಮಾತಾಡುತ್ತಲೇ ಹತ್ತಿ ಹೋಗುತ್ತಿದ್ದರು. ಕಾಲು ಮುಂದಿಟ್ಟರೆ ನೆರಿಗೆ ಸಿಕ್ಕಿಕೊಂಡೀತು, ಹಿಂದಿಟ್ಟರೆ ನೋಡಿದವರು ನಕ್ಕಾರು. ಹೀಗೆ ಹತ್ತು ನಿಮಿಷ ನಿಂತು, ಕೊನೆಗೆ ಮೆಟ್ಟಿಲು ಹಿಡಿದು ಒಂಬತ್ತು ಮಹಡಿ ಹತ್ತಿದೆ. ಏದುಸಿರು ಬಿಡುತ್ತ ಕಿಟಕಿಯ ಹತ್ತಿರ ನಿಂತಾಗ ಇಡೀ ವಾರ ಕಣ್ಣ ಮುಂದೆ ಬಂತು. ಎಲ್ಲವೂ ನಿಲ್ಲದೆ ಸಾಗುತ್ತಿದೆ, ಎಲ್ಲರೂ ಹತ್ತುತ್ತಿದ್ದಾರೆ, ನಾನೊಬ್ಬಳು ನಿಂತಿದ್ದೇನೆ. ಆ ರಾತ್ರಿ ಕೋಣೆಯಲ್ಲಿ ಕೂತು ವಿದ್ಯಾರ್ಥಿವೇತನದವರಿಗೆ ಪತ್ರ ಬರೆದೆ. 'ಮನೆಯ ಕಾರಣದಿಂದ' ವಾಪಸು ಹೋಗುತ್ತೇನೆ ಎಂದು. ಲಕೋಟೆಗೆ ಹಾಕಿದೆ, ಅಂಟಿಸಲಿಲ್ಲ.

ಭಾನುವಾರ ಅಮ್ಮನಿಗೆ ಫೋನು. ನಮ್ಮ ಮನೆಯಲ್ಲಿ ಫೋನಿರಲಿಲ್ಲ. ರಾತ್ರಿ ಎಂಟಕ್ಕೆ ಎದುರಿನ ಎಸ್‌ಟಿಡಿ ಬೂತಿಗೆ ಅಮ್ಮ ಬಂದು ಕೂತಿರುವುದು ಎಂದು ನಿಗದಿ. ಅಲ್ಲಿ ಆಗ ಮಧ್ಯಾಹ್ನ ಮೂರೂವರೆ. ವಾಪಸು ಬರುತ್ತೇನೆ ಎಂದು ಹೇಳಲೆಂದೇ ಕಾರ್ಡು ಹಾಕಿದೆ. ಅಮ್ಮನ ದನಿ ಕೇಳಿತು.

"ಹೇಗಿದೀಯೇ? ನನ್ನ ಚಿಂತೆ ಮಾಡಬೇಡ. ಪಕ್ಕದ ಮನೆ ಹುಡುಗಿ ರಾತ್ರಿ ಜೊತೆಗೆ ಬಂದು ಮಲಗ್ತಾಳೆ. ನಿಂಗೆ ಯಾರಾದ್ರೂ ಜೊತೆ ಸಿಕ್ಕಿದ್ರೇನೆ?"

"ಸಿಕ್ಕಿದಾಳೆ" ಎಂದುಬಿಟ್ಟೆ. ಯಾಕೆ ಹಾಗೆಂದೆನೋ ಇವತ್ತಿಗೂ ಗೊತ್ತಿಲ್ಲ. "ಪಕ್ಕದ ಕೋಣೆಯವಳು. ಟರ್ಕಿ ದೇಶದವಳು."

"ಟರ್ಕಿ ಟವೆಲ್ ಅಂತ ಬರುತ್ತಲ್ಲ, ಆ ಊರಾ?"

"ಹೌದಮ್ಮ."

"ಸರಿ ಮತ್ತೆ. ಅವಳಿಗೂ ಸ್ವಲ್ಪ ಚಟ್ನಿಪುಡಿ ಕೊಡು" ಎಂದಳು ಅಮ್ಮ. ಕಾರ್ಡು ಮುಗಿಯಿತು.

ಪಕ್ಕದ ಕೋಣೆಯವಳ ಬಗ್ಗೆ ನನಗೆ ಗೊತ್ತಿದ್ದದ್ದು ಬಾಗಿಲ ಮೇಲಿನ ಹೆಸರು, ದೇಶ, ಅಷ್ಟೇ. ಒಂದು ಮಾತೂ ಆಡಿರಲಿಲ್ಲ. ಅಮ್ಮನಿಗೆ ಸುಳ್ಳು ಹೇಳಿದ ಸಂಕಟ ಒಂದು ಕಡೆ, ಮುಂದಿನ ಭಾನುವಾರ "ಟರ್ಕಿಯವಳು ಹೇಗಿದಾಳೆ?" ಎಂದು ಅಮ್ಮ ಕೇಳೇ ಕೇಳುತ್ತಾಳೆ ಎಂಬ ಭಯ ಇನ್ನೊಂದು ಕಡೆ. ಯಾವ ನೆಪದಲ್ಲಿ ಬಾಗಿಲು ತಟ್ಟುವುದು? ಅದೇ ಮೂರು ಪ್ರಶ್ನೆ ಹಿಡಿದು ಹೋಗಲು ಮನಸ್ಸಿರಲಿಲ್ಲ.

ನೆಪ ಅಡುಗೆಮನೆಯಲ್ಲಿ ಸಿಕ್ಕಿತು. ನಮ್ಮ ಸಾಲಿನ ಎಂಟು ಕೋಣೆಗಳಿಗೆ ಒಂದೇ ಅಡುಗೆಮನೆ, ಒಂದೇ ಫ್ರಿಜ್ಜು. ಅಂಗಡಿಯ ಮೊಸರೆಂದು ನಾನು ತಂದದ್ದು ಸ್ಟ್ರಾಬೆರಿ ಹಾಕಿದ ಸಿಹಿ ಪದಾರ್ಥ. ಅದನ್ನೇ ಹಾಲಿಗೆ ಹಾಕಿ ನೋಡಿದ್ದೆ. ಮೊಸರಾಗಲಿಲ್ಲ, ಗುಲಾಬಿ ಬಣ್ಣದ ನೀರಾಗಿತ್ತು. ಆದರೆ ಫ್ರಿಜ್ಜಿನ ಮೇಲಿನ ತಟ್ಟಿನಲ್ಲಿ ತಟ್ಟೆ ಮುಚ್ಚಿದ ಒಂದು ಬಟ್ಟಲಿತ್ತು. ಅದರೊಳಗಿದ್ದದ್ದು ಮನೆಯಲ್ಲಿ ಹೆಪ್ಪು ಹಾಕಿದ ಮೊಸರು. ಮೇಲಿನ ಕೆನೆ ನೋಡಿದರೆ ಯಾವ ಹೆಣ್ಣಿಗೂ ಗೊತ್ತಾಗುತ್ತದೆ. ಬಟ್ಟಲಿನ ಮೇಲೆ ಅವಳ ಹೆಸರಿನ ಚೀಟಿ.

ಲೋಟ ಹಿಡಿದು ಹೋಗಿ ಬಾಗಿಲು ತಟ್ಟಿದೆ. "ಒಂದು ಚಮಚ ಮೊಸರು ಬೇಕು. ತಿನ್ನಲು ಅಲ್ಲ, ಹಾಲಿಗೆ ಹಾಕಲು" ಎಂದೆ. ಇಂಗ್ಲಿಷಿನಲ್ಲಿ ಹೆಪ್ಪಿಗೆ ಏನೆನ್ನುತ್ತಾರೆಂದು ನನಗೆ ತಿಳಿಯದು. ಅವಳಿಗೂ ತಿಳಿಯದು. ಬೆರಳಲ್ಲಿ ಕಲಕಿ ತೋರಿಸಿದೆ. ಅವಳ ಮುಖ ಅರಳಿತು. "ಮಾಯಾ!" ಎಂದಳು. ಅವರ ಭಾಷೆಯಲ್ಲಿ ಹೆಪ್ಪಿಗೆ ಮಾಯಾ ಎನ್ನುತ್ತಾರಂತೆ. ಹಾಲು ಮೊಸರಾಗುವುದು ಮಾಯೆಯಲ್ಲದೆ ಇನ್ನೇನು ಎಂದು ನಾನು ನಕ್ಕೆ. ಅವಳು ಅಡುಗೆಮನೆಗೆ ಬಂದು ಹಾಲು ಕಾಯಿಸಿ, ಕಿರುಬೆರಳು ಅದ್ದಿ ಬಿಸಿ ನೋಡಿದಳು, ನಮ್ಮ ಅಮ್ಮನ ಹಾಗೆಯೇ. ಹೆಪ್ಪು ಹಾಕಿ, ಬಟ್ಟಲಿಗೆ ದಪ್ಪ ಟವೆಲ್ ಸುತ್ತಿ, ಕೋಣೆ ಬೆಚ್ಚಗಿಡುವ ಕೊಳವೆಯ ಪಕ್ಕ ಇಟ್ಟಳು. ಟರ್ಕಿ ಟವೆಲ್! ನನಗೆ ನಗು ತಡೆಯಲಾಗಲಿಲ್ಲ. ಯಾಕೆಂದು ಕೇಳಿದಳು. ಅಮ್ಮನ ಮಾತು ಹೇಳಿದೆ. ಸುಳ್ಳು ಹೇಳಿದ್ದನ್ನೂ ಹೇಳಿಬಿಟ್ಟೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಒಂದು ವಾರದಿಂದ ನೀನು ತಲೆ ತಗ್ಗಿಸಿಕೊಂಡೇ ಓಡಾಡುತ್ತಿದ್ದೆ. ನಿನಗೆ ನಾವ್ಯಾರೂ ಬೇಡ ಅಂದುಕೊಂಡಿದ್ದೆ."

ನನಗೆ ಯಾರೂ ಇಲ್ಲ ಎಂದು ನಾನು ಅಳುತ್ತಿದ್ದರೆ, ಗೋಡೆಯ ಆಚೆ ಇದ್ದವಳಿಗೆ ನಾನು ಬಿಂಕದವಳಾಗಿ ಕಂಡಿದ್ದೆ. ಆ ವಾರವೆಲ್ಲ ನನಗೇನೂ ಬೇಡ, ಎಲ್ಲ ಸರಿಯಾಗಿದೆ ಎಂದು ತೋರಿಸಿಕೊಳ್ಳುವುದರಲ್ಲೇ ನನ್ನ ಶಕ್ತಿ ಹೋಗಿತ್ತು. ಏನೂ ಬೇಡದವಳ ಹತ್ತಿರ ಯಾರು ಯಾಕೆ ಬರುತ್ತಾರೆ? ನಮ್ಮೂರಲ್ಲಿ ಹೊಸ ಬಾಡಿಗೆಯವರು ಬಂದರೆ ಮೊದಲ ಸಂಜೆಯೇ ಹೆಪ್ಪಿಗೆ ಮೊಸರು ಕೇಳಿಕೊಂಡು ಪಕ್ಕದ ಮನೆಗೆ ಬರುತ್ತಾರೆ. ಅದರಿಂದಲೇ ಬಳಕೆ ಬೆಳೆಯುತ್ತದೆ. ಇದು ಗೊತ್ತಿದ್ದೂ ಏಳು ಸಾವಿರ ಚಿಲ್ಲರೆ ಕಿಲೋಮೀಟರು ದೂರ ಹೋದ ಮೇಲೆ ಮರೆತಿದ್ದೆ.

ಮರುದಿನ ಅವಳೇ ನನ್ನನ್ನು ಟವರಿಗೆ ಕರೆದೊಯ್ದಳು. ಒಂದು ಕೈಯಲ್ಲಿ ನೆರಿಗೆ ಎತ್ತಿ ಹಿಡಿದೆ, ಇನ್ನೊಂದು ಕೈ ಅವಳು ಹಿಡಿದಳು. "ಈಗ" ಎಂದಳು. ಕಾಲಿಟ್ಟೆ. ಇಳಿಯುವುದು ಮರೆತು ತುದಿಯವರೆಗೂ ಹೋದೆವು. ಗೂಡು ತಲೆಕೆಳಗಾಗುತ್ತದೆಂದು ನಾನು ಕಣ್ಣು ಮುಚ್ಚಿಕೊಂಡೆ. ಹಾಗೇನೂ ಆಗುವುದಿಲ್ಲ. ಕತ್ತಲಲ್ಲಿ ಮೆಲ್ಲಗೆ ಪಕ್ಕಕ್ಕೆ ಸರಿದು ಇಳಿಯತೊಡಗುತ್ತದೆ, ಅಷ್ಟೇ. ಆ ವಾರವೇ ಪಬ್ಬಿಗೆ ಹೋಗಿ ನನ್ನ ಸರದಿಯ ಮುಯ್ಯಿಯನ್ನೂ ತೀರಿಸಿ ಬಂದೆ. ಪತ್ರ ಲಕೋಟೆಯಲ್ಲೇ ಉಳಿಯಿತು.

ವರ್ಷ ಮುಗಿಸಿ ಊರಿಗೆ ಬಂದ ಮೇಲೆ ಒಂದು ರಾತ್ರಿ ಅಮ್ಮನಿಗೆ ಎಲ್ಲ ಹೇಳಿದೆ. "ನಿನ್ನ ದನಿ ನಂಗೆ ಗೊತ್ತಾಗಲ್ವೇನೆ? ಆವತ್ತೇ ತಿಳೀತು" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಪಕ್ಕದ ಮನೆ ಹುಡುಗಿ ಆವಾಗ ಬರ್ತಿರ್ಲಿಲ್ಲ. ನಿಂಗೆ ಹಾಗೆ ಹೇಳಿ ಆದ್ಮೇಲೆ ಹೋಗಿ ಕೇಳ್ದೆ. ಅದಕ್ಕೂ ಮುಂಚೆ ಕೇಳೋಕೆ ನಾಚಿಕೆಯಾಗಿತ್ತು" ಎಂದಳು.

ಅಮ್ಮ ಈಗಿಲ್ಲ. ಟರ್ಕಿಯ ಗೆಳತಿ ಇದ್ದಾಳೆ, ಮೊಮ್ಮಗನ ಚಿತ್ರ ಕಳಿಸುತ್ತಿರುತ್ತಾಳೆ. ಈಗಿನ ಮಕ್ಕಳಿಗೆ ಎಸ್‌ಟಿಡಿ ಬೂತಿನ ಕಷ್ಟವಿಲ್ಲ. ಬೇಕೆಂದಾಗ ಅಮ್ಮನ ಮುಖವೇ ಮೊಬೈಲಿನಲ್ಲಿ ಕಾಣುತ್ತದೆ. ಒಳ್ಳೆಯದೇ. ಆದರೆ ಆ ಮುಖ ಸದಾ ಕೈಯಲ್ಲಿದ್ದಿದ್ದರೆ ನಾನು ಪಕ್ಕದ ಬಾಗಿಲು ತಟ್ಟುತ್ತಿದ್ದೆನೋ ಇಲ್ಲವೋ.

ಇಷ್ಟನ್ನೆಲ್ಲ ಆ ಹುಡುಗಿಗೆ ಹೇಳಲಾಗಲಿಲ್ಲ, ಅಷ್ಟರಲ್ಲಿ ಅವಳ ಅಮ್ಮ ಬಂದರು. ಕುಂಕುಮ ಕೊಟ್ಟು, ಬಾಗಿಲವರೆಗೆ ಹೋಗಿ, ಕಿವಿಯಲ್ಲಿ ಇಷ್ಟು ಮಾತ್ರ ಹೇಳಿದೆ: "ಹೋದ ದಿನವೇ ಪಕ್ಕದ ಕೋಣೆಯವರ ಹತ್ತಿರ ಏನಾದರೂ ಕೇಳು. ಉಪ್ಪಾದರೂ ಸರಿ."

ಅವಳಿಗೆ ಅರ್ಥವಾಗಲಿಲ್ಲ. ಆದರೂ ತಲೆಯಾಡಿಸಿದಳು.