3:47ಕ್ಕೆ ನಿಂತ ಗಡಿಯಾರ

ಅಕ್ಕನ ಮಗ ಕಂಪ್ಯೂಟರಿನ ಕ್ಯಾಬಿನೆಟ್ಟನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ.

“ಮಾಮ, ಗೇಮ್ ಆಡ್ತಾ ಇದ್ರೆ ಎಷ್ಟು ಹೊತ್ತಾದ್ರೂ ಓಡತ್ತೆ. ಸುಮ್ನೆ ಬಿಟ್ಟು ಮಲಗಿದ್ರೆ, ಬೆಳಿಗ್ಗೆ ಎದ್ದು ನೋಡೋ ಹೊತ್ತಿಗೆ ಹ್ಯಾಂಗ್ ಆಗಿರತ್ತೆ.”

“ಹ್ಯಾಂಗ್ ಆದಾಗ ಸ್ಕ್ರೀನಿನ ಮೂಲೇಲಿ ಟೈಮ್ ಎಷ್ಟಿತ್ತು?”

“3:47. ಅದರ ಹಿಂದಿನ ಸಲ ಐದೂ ಚಿಲ್ಲರೆ.”

ನೋಡಿಟ್ಟುಕೊಂಡಿದ್ದಾನಲ್ಲ ಎಂದು ಖುಷಿಯಾಯಿತು. ಹ್ಯಾಂಗ್ ಆದ ಕಂಪ್ಯೂಟರಿನಲ್ಲಿ ಗಡಿಯಾರವೂ ನಿಂತಿರುತ್ತದೆ. ಅದು ಉಸಿರು ಬಿಟ್ಟ ನಿಮಿಷ ಪರದೆಯ ಮೇಲೆ ಹಾಗೇ ಉಳಿದಿರುತ್ತದೆ. ಹೆಚ್ಚಿನವರು ಅದನ್ನು ನೋಡದೆ ರೀಸ್ಟಾರ್ಟ್ ಒತ್ತಿಬಿಡುತ್ತಾರೆ. ಭಾರ ಬಿದ್ದಾಗ ಕುಸಿಯುವ ಕಂಪ್ಯೂಟರುಗಳನ್ನು ಬೇಕಾದಷ್ಟು ಕಂಡಿದ್ದೇನೆ. ರಾತ್ರಿ ಮೂರೂ ಮುಕ್ಕಾಲಿಗೆ, ಯಾರೂ ಏನೂ ಕೇಳದಿರುವಾಗ ಕುಸಿಯುವಂಥದ್ದು ಅಪರೂಪ. ಅವತ್ತು ಸಂಜೆಯ ಬೇರೆ ಕೆಲಸಗಳನ್ನೆಲ್ಲ ಬದಿಗಿಟ್ಟೆ.

ಪ್ರೊಸೆಸರನ್ನು ಅದಕ್ಕೆ ಗೊತ್ತುಮಾಡಿದ ವೇಗಕ್ಕಿಂತ ಜೋರಾಗಿ ಓಡಿಸುವ, ಅಂದರೆ ಓವರ್‌ಕ್ಲಾಕ್ ಮಾಡುವ ಗೀಳು ನನಗೆ ಹತ್ತಿದ್ದು ಸೆಲೆರಾನ್ 300ಎ ಕಾಲದಲ್ಲಿ. 1998ರಲ್ಲಿ ಬಂದ ಆ ಚಿಪ್ಪಿನ ವೇಗ 300 ಮೆಗಾಹರ್ಟ್ಸ್: ಮದರ್‌ಬೋರ್ಡಿನ ಬಸ್ಸಿನ ವೇಗ 66, ಅದನ್ನು ಗುಣಿಸುವ ಗುಣಕ ನಾಲ್ಕೂವರೆ. ಗುಣಕಕ್ಕೆ ಬೀಗ ಹಾಕಿದ್ದರು. ಆದರೆ ಬಸ್ಸನ್ನು 100ಕ್ಕೆ ಏರಿಸಿದರೆ ಅದೇ ಚಿಪ್ 450ಕ್ಕೆ ಓಡುತ್ತಿತ್ತು. ಅದಕ್ಕೆ ಒಪ್ಪದ ಮದರ್‌ಬೋರ್ಡಾದರೆ, ಬಿ21 ಎಂಬ ಒಂದೇ ಒಂದು ಪಿನ್ನಿನ ಮೇಲೆ ಚೂರು ಸೆಲೋಟೇಪ್ ಅಂಟಿಸಿದರಾಯಿತು. ಎರಡು ವರ್ಷದ ಮೇಲೆ ಎಎಂಡಿಯ ಹೊಸ ಬಗೆಯ ಅಥ್ಲಾನ್ ಬಂತು. ಅದರ ಬೆನ್ನಿನ ಮೇಲೆ ಕತ್ತರಿಸಿಟ್ಟ ಪುಟ್ಟ ತಾಮ್ರದ ಸೇತುವೆಗಳಿರುತ್ತಿದ್ದವು. ಚಿತ್ರ ಬರೆಯುವ ಪೆನ್ಸಿಲ್ಲಿನ ಸೀಸವನ್ನು ಅವುಗಳ ಮೇಲೆ ಎಳೆದು ಕೂಡಿಸಿದರೆ ಗುಣಕದ ಬೀಗ ತೆರೆಯುತ್ತಿತ್ತು. ಹಾಸ್ಟೆಲಿನ ರೂಮಿನಲ್ಲಿ ಟೇಬಲ್ ಲ್ಯಾಂಪಿನ ಕೆಳಗೆ ಉಸಿರು ಬಿಗಿಹಿಡಿದು ಎಳೆದ ಆ ಗೆರೆಗಳು ಇವತ್ತಿಗೂ ಕಣ್ಣ ಮುಂದಿವೆ.

ಆಗ ಬೇಕಾಗಿದ್ದದ್ದು ವೇಗ. ವೇಗದ ರುಚಿ ಬೇಗ ತೀರಿತು. ಆಮೇಲೆ ಇಷ್ಟು ವರ್ಷ ನನ್ನನ್ನು ಹಿಡಿದಿಟ್ಟಿರುವುದು ‘ಯಾಕೆ ನಿಂತಿತು’ ಎಂದು ಹುಡುಕುವ ಸುಖ.

ಹುಡುಗನದು ಇಂಟೆಲ್ಲಿನ ಕೋರ್ ಐ5-2500ಕೆ. 2011ರ ಜನವರಿಯಲ್ಲಿ ಬಂದ ಚಿಪ್. ಕೊನೆಯ ‘ಕೆ’ ಅಂದರೆ ಗುಣಕಕ್ಕೆ ಬೀಗವಿಲ್ಲ ಎಂದರ್ಥ. 100 ಮೆಗಾಹರ್ಟ್ಸನ್ನು 33ರಿಂದ ಗುಣಿಸಿ 3.3 ಗಿಗಾಹರ್ಟ್ಸ್ ಅದರ ಸಹಜ ನಡಿಗೆ. ಕೆಲಸವಿಲ್ಲದಾಗ ಗುಣಕ 16ಕ್ಕಿಳಿದು 1.6ರಲ್ಲಿ ಸುಧಾರಿಸಿಕೊಳ್ಳುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮದರ್‌ಬೋರ್ಡ್ ಸಮೇತ ಸೆಕೆಂಡ್ ಹ್ಯಾಂಡ್ ಕೊಂಡದ್ದಂತೆ. ಬಯೋಸ್ ತೆರೆದರೆ ಗುಣಕ 45.

“ಇದನ್ನ ನೀನು ಹಾಕಿದ್ದಾ?”

“ಇಲ್ಲ ಮಾಮ, ನಾನು ಬಯೋಸ್ ಮುಟ್ಟೇ ಇಲ್ಲ!”

ಹಿಂದಿನ ಒಡೆಯ ಯಾರೋ, ತನ್ನ ಲೆಕ್ಕಾಚಾರವನ್ನೆಲ್ಲ ಹಾಗೇ ಬಿಟ್ಟು ಹೋಗಿದ್ದಾನೆ. ಇದೇನೂ ಹೊಸದಲ್ಲ. ಮೈಕ್ರೋಸಾಫ್ಟಿನ ರೇಮಂಡ್ ಚೆನ್ 2005ರಲ್ಲಿ ಇಂಥದ್ದರ ಬಗ್ಗೆ ಬರೆದಿದ್ದರು. ವಿಂಡೋಸ್ ಬಿದ್ದ ವರದಿಗಳಲ್ಲಿ ಕೆಲವು ಆಗಲು ಸಾಧ್ಯವೇ ಇಲ್ಲದಂಥವು: ಒಂದು ರಿಜಿಸ್ಟರನ್ನು ಸೊನ್ನೆ ಮಾಡು ಎನ್ನುವ, ತಪ್ಪಲು ಆಸ್ಪದವೇ ಇಲ್ಲದ ಆದೇಶದಲ್ಲಿ ಪ್ರೊಸೆಸರ್ ಎಡವಿತ್ತು. ವಿಚಾರಿಸಿ ನೋಡಿದರೆ ಓವರ್‌ಕ್ಲಾಕ್ ಆದ ಯಂತ್ರ. ಎಷ್ಟೋ ಮಂದಿಗೆ ತಮ್ಮ ಕಂಪ್ಯೂಟರ್ ಹಾಗಿದೆಯೆಂಬುದೇ ಗೊತ್ತಿರಲಿಲ್ಲ.

ಮೊದಲು ಮುಚ್ಚಳ ತೆಗೆದೆವು. ಹೀಟ್‌ಸಿಂಕ್ ಬಿಚ್ಚಿದಾಗ ಹಳೆಯ ಪೇಸ್ಟ್ ಒಣಗಿ ವಿಭೂತಿಯ ಹಾಗೆ ಬೆರಳಿಗೆ ಹತ್ತಿತು. ಹಳೇ ಬನಿಯನ್ ತುಂಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಚಿಪ್ಪಿನ ಮೇಲಿನ ಅಕ್ಷರಗಳು ಎದ್ದು ಕಾಣುವವರೆಗೆ ಒರೆಸಿದೆ. ನಡುವೆ ಬಟಾಣಿ ಕಾಳಿಗಿಂತ ತುಸು ಚಿಕ್ಕದಾಗಿ ಹೊಸ ಪೇಸ್ಟ್ ಇಟ್ಟು, ಹೀಟ್‌ಸಿಂಕ್ ನೇರ ಇಳಿಸಿ, ನಾಲ್ಕು ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಅರ್ಧರ್ಧ ಸುತ್ತು ಬಿಗಿದೆ. ಈ ಅರ್ಧ ಸುತ್ತಿನ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಆಮೇಲೆ ಲಾಂಗ್ ನೋಟ್‌ಬುಕ್ಕು. ತಾರೀಖು, ಗುಣಕ, ವೋಲ್ಟೇಜು, ಶಾಖ, ಏನಾಯಿತು ಎಂದು ಐದು ಕಾಲಂ ಹಾಕಿಸಿದೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು, ಬದಲಿಸಿದ್ದನ್ನು ಬರೆಯದೆ ಮುಂದಕ್ಕೆ ಹೋಗಬಾರದು. ಎರಡು ಕಡೆ ಕೈಹಾಕಿ ಯಂತ್ರ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ಯಾವತ್ತಿಗೂ ತಿಳಿಯುವುದಿಲ್ಲ. ನನಗದು ಯಂತ್ರ ಕೆಟ್ಟದ್ದಕ್ಕಿಂತ ಹೆಚ್ಚಿನ ನಷ್ಟ.

ಬಯೋಸನ್ನು ಕಂಪನಿಯ ಸೆಟ್ಟಿಂಗಿಗೆ ಮರಳಿಸಿ ಎರಡು ರಾತ್ರಿ ಬಿಟ್ಟೆವು. ಹ್ಯಾಂಗ್ ಇಲ್ಲ. ಮೂರನೇ ರಾತ್ರಿ ಮೆಮ್‌ಟೆಸ್ಟ್. ರ‍್ಯಾಮಿನಲ್ಲಿ ಒಂದೂ ತಪ್ಪಿಲ್ಲ. ಅಲ್ಲಿಗೆ ದೋಷ ಬಿಡಿಭಾಗಗಳದ್ದಲ್ಲ, ಅಪರಿಚಿತನ ಲೆಕ್ಕದ್ದು. ಬರೆದಿಟ್ಟುಕೊಂಡಿದ್ದ ಅವನ ಸೆಟ್ಟಿಂಗನ್ನೇ ಮತ್ತೆ ಹಾಕಿ ಪ್ರೈಮ್95 ಓಡಿಸಿದೆ.

ಪ್ರೈಮ್95 ಮೂಲತಃ ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಜಾರ್ಜ್ ವೋಲ್ಟ್‌ಮನ್ ಬರೆದ ತಂತ್ರಾಂಶ. ಆ ಹುಡುಕಾಟ 1996ರಿಂದ ನಡೆಯುತ್ತಿದೆ. ಅಂಥ ಲೆಕ್ಕದಲ್ಲಿ ಒಂದು ಬಿಟ್ ತಪ್ಪಿದರೂ ಅಷ್ಟು ದಿನದ ದುಡಿಮೆ ನೀರುಪಾಲಾಗಬಹುದು. ಅದಕ್ಕೇ ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಪ್ರೊಸೆಸರಿನ ಕೈಲಿ ಮಾಡಿಸಿ, ತಾಳೆ ನೋಡುವ ಪರೀಕ್ಷೆಯೊಂದು ಅದರಲ್ಲಿದೆ. ಈ ಯಂತ್ರ ಆರು ಗಂಟೆ ಕಾಲ ಎಲ್ಲ ಲೆಕ್ಕವನ್ನೂ ಸರಿಯಾಗಿ ಮಾಡಿತು. ಶಾಖ 74 ಡಿಗ್ರಿ ದಾಟಲಿಲ್ಲ. ಲೆಕ್ಕದ ಗಾತ್ರ ಬದಲಾದಾಗಲೆಲ್ಲ ಮದರ್‌ಬೋರ್ಡಿನ ಸುರುಳಿಗಳಿಂದ ಜೀರುಂಡೆಯಂಥ ಸಣ್ಣ ದನಿ ಹೊರಡುತ್ತಿತ್ತು. ಎಸ್‌ಎಂಪಿಎಸ್ಸಿನ ಫ್ಯಾನು, ಕ್ಯಾಬಿನೆಟ್ಟಿನ ಫ್ಯಾನು, ಈ ಜೀರುಂಡೆ, ಮೂರನ್ನೂ ಬೇರೆಬೇರೆಯಾಗಿ ಕೇಳಿಸಿಕೊಳ್ಳುವುದನ್ನು ಹುಡುಗನಿಗೆ ಹೇಳಿಕೊಟ್ಟೆ.

ತಪ್ಪು ಅಂದರೆ ಹೇಗಿರುತ್ತದೆಂದು ಅವನು ನೋಡಿರಲಿಲ್ಲ. ಬೇಕೆಂದೇ ವೋಲ್ಟೇಜನ್ನು ಇನ್ನಷ್ಟು ಇಳಿಸಿ ಪರೀಕ್ಷೆ ಹಚ್ಚಿದೆ. ನಾಲ್ಕು ಕೋರಿಗೆ ನಾಲ್ಕು ಕಿಟಕಿ. ಹನ್ನೊಂದು ನಿಮಿಷಕ್ಕೆ ಮೂರನೆಯ ಕಿಟಕಿ ನಿಂತಿತು: ರೌಂಡಿಂಗ್ 0.5 ಬಂದಿದೆ, 0.4ಕ್ಕಿಂತ ಕಡಿಮೆ ಇರಬೇಕಿತ್ತು. ಉಳಿದ ಮೂರೂ ಏನೂ ಆಗದವರಂತೆ ಓಡುತ್ತಿದ್ದವು. 4.5 ಗಿಗಾಹರ್ಟ್ಸ್‌ನಲ್ಲಿ ಒಂದು ಮಿಡಿತಕ್ಕೆ ಸಿಗುವ ಸಮಯ 222 ಪಿಕೊಸೆಕೆಂಡ್. ಅಷ್ಟರಲ್ಲಿ ಬೆಳಕು ಕೂಡ ಆರೇಳು ಸೆಂಟಿಮೀಟರಿಗಿಂತ ಮುಂದೆ ಹೋಗಲಾರದು. ಅಷ್ಟರೊಳಗೆ ಸಾಲುಗಟ್ಟಿದ ಟ್ರಾನ್ಸಿಸ್ಟರುಗಳೆಲ್ಲ ಒಂದಾದ ಮೇಲೊಂದು ಮಗ್ಗುಲು ಬದಲಿಸಿ ಉತ್ತರವನ್ನು ಬಾಗಿಲಿಗೆ ತಂದಿರಬೇಕು. ವೋಲ್ಟೇಜು ಕಡಿಮೆಯಾದರೆ ಅವು ನಿಧಾನ. ಬಾಗಿಲು ಹಾಕಿದ ಮೇಲೆ ಬಂದ ಒಂದು, ಸೊನ್ನೆಯಾಗಿಯೇ ಉಳಿಯುತ್ತದೆ. ಹಾಗೆಂದು ವೋಲ್ಟೇಜು ಸುರಿಯುವ ಹಾಗೂ ಇಲ್ಲ. ವಿದ್ಯುತ್ತಿನ ಖರ್ಚು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 3.3ರಿಂದ 4.5ಕ್ಕೆ ಹೋಗುವಾಗ ವೇಗ ಹೆಚ್ಚುವುದು ಶೇ. 36ರಷ್ಟು, ಜೊತೆಗೆ ವೋಲ್ಟೇಜನ್ನು 1.2ರಿಂದ 1.3ಕ್ಕೆ ಏರಿಸಿದರೆ ಖರ್ಚು ಹೆಚ್ಚುಕಡಿಮೆ ಶೇ. 60ರಷ್ಟು ಹೆಚ್ಚಿ, ಅಷ್ಟೂ ಶಾಖವಾಗುತ್ತದೆ.

ಈ ಹಿಂದಿನ ಒಡೆಯ ಶಾಖಕ್ಕೆ ಅಂಜಿದವನಿರಬೇಕು. ಚಿಪ್ ತನಗೆ ಇಷ್ಟು ವೋಲ್ಟೇಜು ಬೇಕೆಂದು ಕೇಳುತ್ತದೆ. ಅದಕ್ಕೆ ಕೂಡಿಸುವ ಅಥವಾ ಕಳೆಯುವ ಅಂಕಿಗೆ ಆಫ್‌ಸೆಟ್ ಎನ್ನುತ್ತಾರೆ. ಅವನು ಇಟ್ಟದ್ದು ಮೈನಸ್ 0.100. ಪೂರ್ತಿ ಭಾರದಲ್ಲಿ ಈ ಚಿಪ್ ಕೇಳುವುದು 1.40, ಸಿಗುವುದು 1.30. ಅದು ಸಾಕಾಗುತ್ತಿತ್ತು. ಆದರೆ ಕಳೆಯುವ ಆ 0.100 ಎಲ್ಲ ವೇಗಕ್ಕೂ ಒಂದೇ. ನಡುರಾತ್ರಿ 1.6ಕ್ಕೆ ಇಳಿದಾಗ ಅದು ಕೇಳುವುದೇ 0.97, ಅದರಲ್ಲೂ ಕಳೆದರೆ ಉಳಿಯುವುದು 0.87. ಹಗಲಿನ ದೊಡ್ಡ ಊಟದಲ್ಲಿ ಒಂದು ತುತ್ತು ಕಡಿಮೆ ಮಾಡಿದವನು, ರಾತ್ರಿಯ ಗಂಜಿಯಲ್ಲೂ ಅಷ್ಟೇ ದೊಡ್ಡ ತುತ್ತು ತೆಗೆದುಬಿಟ್ಟಿದ್ದ.

ಊಹೆ ಸರಿ ಕಂಡಿತು, ಆದರೆ ಊಹೆಯಷ್ಟೇ. ರೋಗವನ್ನು ಹೆಚ್ಚಿಸಿ ನೋಡೋಣವೆಂದು ಆಫ್‌ಸೆಟ್ ಮೈನಸ್ 0.120 ಮಾಡಿ, ಮೌಸ್ ಮುಟ್ಟದೆ ಕೂತೆವು. ನಲವತ್ತನೇ ನಿಮಿಷಕ್ಕೆ ಪರದೆಯ ಗಡಿಯಾರ ನಿಂತಿತು. ಮತ್ತೊಮ್ಮೆ ಹಚ್ಚಿದಾಗಲೂ ಒಂದು ಗಂಟೆಯೊಳಗೆ ನಿಂತಿತು. ಹುಡುಗ ಚಪ್ಪಾಳೆ ತಟ್ಟಿದ. ಕೆಟ್ಟದ್ದನ್ನು ಕರೆದಾಗ ಬರುವಂತೆ ಮಾಡಿಕೊಂಡೆವೆಂದರೆ ಮುಕ್ಕಾಲು ಕೆಲಸ ಮುಗಿದಂತೆ.

ಉಳಿದದ್ದು ಕಾಲುಭಾಗ, ನನಗೆ ಅತಿ ಪ್ರಿಯವಾದದ್ದು. ಆಫ್‌ಸೆಟ್ಟನ್ನು ಮೈನಸ್ 0.020ಕ್ಕೆ ತಂದರೆ ರಾತ್ರಿಯ ಗಂಜಿ ಸರಿಹೋಗುತ್ತದೆ, ಹಗಲಿನ ಊಟ ಮಿತಿ ಮೀರುತ್ತದೆ: 1.38. ಇದಕ್ಕೆ ಉಪಾಯ ಲೋಡ್‌ಲೈನ್‌ನಲ್ಲಿದೆ. ಅಡುಗೆಮನೆಯ ನಲ್ಲಿ ಬಿಟ್ಟರೆ ಬಚ್ಚಲಮನೆಯ ನಲ್ಲಿ ಸಣ್ಣಗಾಗುವಂತೆ, ಪ್ರೊಸೆಸರ್ ಕರೆಂಟನ್ನು ಜೋರಾಗಿ ಎಳೆದಾಗ ವೋಲ್ಟೇಜು ತಾನಾಗಿ ಕುಗ್ಗುತ್ತದೆ. ಕುಗ್ಗದ ಹಾಗೆ ಹಿಡಿದಿಡುವ ಏರ್ಪಾಟನ್ನು ಅವನು ತುತ್ತತುದಿಗೆ ಇಟ್ಟಿದ್ದ. ಅದನ್ನು ಎರಡು ಮೆಟ್ಟಿಲು ಇಳಿಸಿದೆ. ಈಗ ಭಾರ ಬಿದ್ದಾಗ 1.38 ತಾನೇ ಬಾಗಿ 1.31ಕ್ಕೆ ಬಂದು ನಿಲ್ಲುತ್ತದೆ, ಭಾರವಿಲ್ಲದಾಗ 0.95. ಜನ ಆ ಕುಗ್ಗನ್ನು ದೋಷವೆಂದು ಹಳಿಯುತ್ತಾರೆ. ನನಗಂತೂ ಅದು ಮದರ್‌ಬೋರ್ಡ್ ಮಾಡಿದವರ ಸೌಜನ್ಯ ಎನ್ನಿಸುತ್ತದೆ.

ಪ್ರೈಮ್95 ಮತ್ತೆ ಎಂಟು ಗಂಟೆ. ಒಂದು ತಪ್ಪೂ ಇಲ್ಲ. ಆದರೆ ಸುಮ್ಮನಿರುವುದನ್ನು ಪರೀಕ್ಷಿಸುವ ತಂತ್ರಾಂಶ ಎಲ್ಲಿಂದ ತರುವುದು? ಬಿಟ್ಟು ಮಲಗಬೇಕು, ಅಷ್ಟೆ. ಏಳು ರಾತ್ರಿ ಎಂದು ಗೊತ್ತುಮಾಡಿದೆ. ನಾಲ್ಕನೇ ರಾತ್ರಿ ಕರೆಂಟ್ ಹೋಗಿ, ಯುಪಿಎಸ್ ಕೂಡ ಕೈಬಿಟ್ಟಿತು. ಅದನ್ನೂ ಲೆಕ್ಕಕ್ಕೆ ಹಿಡಿಯೋಣವೆಂದು ಹುಡುಗ ಗೋಗರೆದ. ಆಗಲ್ಲ ಅಂದೆ, ಮತ್ತೆ ಒಂದರಿಂದ ಎಣಿಸಿದೆವು. ಶಾಲೆಗೆ ರಜೆಯಿದ್ದದ್ದರಿಂದ ಅವನೂ ನಮ್ಮ ಮನೆಯಲ್ಲೇ ಉಳಿದ. ಫ್ಯಾನಿನ ಸದ್ದು ಹಿತವಾಗಿ ನಿದ್ದೆ ಬರುತ್ತದೆಂದು ಕಂಪ್ಯೂಟರಿನ ಪಕ್ಕದಲ್ಲೇ ಚಾಪೆ ಹಾಸಿಕೊಳ್ಳುತ್ತಿದ್ದ.

ಕೊನೆಯ ಬೆಳಿಗ್ಗೆ ಅವನೇ ನನ್ನನ್ನು ಎಬ್ಬಿಸಿದ. ಕಿಟಕಿಯಾಚೆ ಇನ್ನೂ ಮಬ್ಬುಗತ್ತಲು, ಹಾಲಿನವನ ಸೈಕಲ್ ಗಂಟೆ. ಮಾನಿಟರ್ ಸ್ವಿಚ್ ಒತ್ತಿದರೆ ಮೂಲೆಯಲ್ಲಿ 6:19. ಗೋಡೆಯ ಗಡಿಯಾರದಲ್ಲೂ ಅಷ್ಟೇ. ಅಷ್ಟಕ್ಕೇ ಅವನು ಒಪ್ಪಲಿಲ್ಲ. “ತಡೀರಿ ಮಾಮ,” ಎಂದು ನನ್ನ ಕೈ ಹಿಡಿದುಕೊಂಡು ಕಣ್ಣು ಮಿಟುಕಿಸದೆ ನಿಂತ. ನಾವು ನೋಡುತ್ತಿದ್ದ ಹಾಗೇ ಅದು 6:20 ಆಯಿತು. ಅವನು ನೋಟ್‌ಬುಕ್ ಎಳೆದುಕೊಂಡು ಕೊನೆಯ ಕಾಲಮಿನಲ್ಲಿ ಬರೆದ: ‘ಓಡ್ತಾ ಇದೆ.’